ಚಳಿಯ ಮುಂಜಾವಿನ ಸವಾರಿ

ಕಾರ್ತಿಕ ಮಾಸದ ಕೊನೆಯ ಸೋಮವಾರ ಬೆಂಗಳೂರಿನ ಬಸವನಗುಡಿಯಲ್ಲಿ ಕಡಲೆಕಾಯಿ ಪರಿಷೆ ನಡೆಯುತ್ತದೆ. ದೊಡ್ಡ ಬಸವಣ್ಣನ ಗುಡಿಯ ಮುಂದಿನ ಬೀದಿಯ ಇಕ್ಕೆಲಗಳಲ್ಲಿಯೂ ಕಡಲೆಕಾಯಿಯ ರಾಶಿಗಳು ಎದ್ದು ನಿಲ್ಲುತ್ತವೆ. ಪರಿಷೆ ಮುಗಿಯಿತೆಂದರೆ ಊರಿಗೆ ಚಳಿ ಬಂದಿತೆಂದೇ ಬಸವನಗುಡಿ, ಚಾಮರಾಜಪೇಟೆ, ಮಲ್ಲೇಶ್ವರಗಳ ಹಳಬರ ಲೆಕ್ಕ. ಪೆಟ್ಟಿಗೆಯ ತಳದಲ್ಲಿ ಮಲಗಿದ್ದ ಸ್ವೆಟರು, ಮಫ್ಲರು, ಕುಲಾವಿಗಳು ಹೊರಗೆ ಬರುತ್ತವೆ. ಧನುರ್ಮಾಸ ಕಳೆದು ಸಂಕ್ರಾಂತಿ ದಾಟುವವರೆಗೂ ಮುಂಜಾವಿನ ಬೀದಿಗಳಲ್ಲಿ ಜನರು ಕೈಕಟ್ಟಿಕೊಂಡೇ ನಡೆಯುತ್ತಾರೆ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರು ಎತ್ತರದಲ್ಲಿದೆ. ಆದುದರಿಂದಲೇ ಇಲ್ಲಿನ ಹವೆ ಬಯಲುಸೀಮೆಯ ಇತರ ಊರುಗಳಿಗಿಂತ ತಂಪು. ಆದರೂ ಇಲ್ಲಿನ ಚಳಿ ಭಾರಿ ಚಳಿಯೇನೂ ಅಲ್ಲ. ಡಿಸೆಂಬರ್, ಜನವರಿ ತಿಂಗಳುಗಳ ಬೆಳಗಿನ ಉಷ್ಣತೆ ಸಾಮಾನ್ಯವಾಗಿ 15 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನಲ್ಲಿರುತ್ತದೆ. ಇಲ್ಲಿ ದಾಖಲಾದ ಅತಿ ಕಡಿಮೆ ಉಷ್ಣತೆ 7.8 ಡಿಗ್ರಿ, ಅದು 1884ರ ಜನವರಿ 13ರಂದು. ಹಿಮಾಲಯದ ತಪ್ಪಲಿನವರು ಇದನ್ನು ಕೇಳಿದರೆ ನಕ್ಕಾರು. ಆದರೆ ಇದೇ ಊರಿನಲ್ಲಿ, ಇದೇ ಬೆಳಗಿನಲ್ಲಿ ಮೋಟಾರ್‌ಸೈಕಲ್ ಏರಿ ಹೊರಟವನಿಗೆ ತಗಲುವ ಚಳಿಯೇ ಬೇರೆ. ನಡೆದುಹೋಗುವವನಿಗೆ ಹಿತವಾಗಿರುವ ಗಾಳಿಯು ಸವಾರನ ಬೆರಳುಗಳನ್ನು ಮರಗಟ್ಟಿಸಬಲ್ಲುದು. ಇದನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಬೀದಿಯಲ್ಲಿ ಬಿದ್ದು ಕಲಿತೆ.

1987ರ ಜನವರಿಯ ಮಾತು. ಆಗ ನಾನು ಚಾಮರಾಜಪೇಟೆಯಲ್ಲಿ ಬಾಡಿಗೆಯ ಕೋಣೆಯಲ್ಲಿದ್ದುಕೊಂಡು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ನನ್ನ ಬಳಿ ಯೆಜ್ಡಿ ಮೋಟಾರ್‌ಸೈಕಲ್ ಇದ್ದಿತು. ಅದು ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ತಯಾರಾದ ಗಾಡಿ. 1961ರಲ್ಲಿ ಆರಂಭವಾಗಿ 1996ರಲ್ಲಿ ಬಾಗಿಲು ಮುಚ್ಚಿದ ಆ ಕಾರ್ಖಾನೆಯ ಗಾಡಿಗಳ ಸದ್ದು ಆ ಕಾಲದ ಬೆಂಗಳೂರಿನ ಬೀದಿಗಳಿಗೆ ಚಿರಪರಿಚಿತವಾಗಿತ್ತು. ಕಿಕ್ ಹೊಡೆಯುವ ಸನ್ನೆಯೇ ಗೇರು ಬದಲಿಸುವ ಸನ್ನೆಯೂ ಆಗಿದ್ದುದು ಅದರ ವೈಶಿಷ್ಟ್ಯ. ಆ ಗಾಡಿಯ ಬಗ್ಗೆ ನನಗೆ ಹೆಮ್ಮೆಯಿತ್ತು. ನನ್ನ ಸವಾರಿಯ ಬಗ್ಗೆ ಅದಕ್ಕಿಂತ ಹೆಚ್ಚಿನ ಹೆಮ್ಮೆಯಿತ್ತು.

ಭಾನುವಾರ ಕನಕಪುರದಲ್ಲಿದ್ದ ಅಕ್ಕನ ಮನೆಗೆ ಹೋಗಿದ್ದವನು ಸೋಮವಾರ ಬೆಳಗಿನ ಐದು ಗಂಟೆಗೆ ಹಿಂದಕ್ಕೆ ಹೊರಟೆ. “ಕೈಗೆ ಏನಾದರೂ ಸುತ್ತಿಕೊಂಡು ಹೋಗೋ” ಎಂದು ಅಕ್ಕ ಹೇಳಿದಳು. “ಇದೇನು ಕಾಶ್ಮೀರವೇ ಅಕ್ಕ?” ಎಂದು ನಕ್ಕು ಗಾಡಿ ಏರಿದೆ. ಮೊದಲ ಹತ್ತು ಕಿಲೋಮೀಟರು ಬೆರಳುಗಳು ನೊಂದವು. ಅನಂತರ ನೋವು ನಿಂತುಹೋಯಿತು. ಚಳಿ ಅಭ್ಯಾಸವಾಯಿತೆಂದು ನಾನು ಸಂತೋಷಪಟ್ಟೆ. ವಾಸ್ತವವಾಗಿ ಅಭ್ಯಾಸವಾಗಿರಲಿಲ್ಲ, ಬೆರಳುಗಳಲ್ಲಿ ಸ್ಪರ್ಶಜ್ಞಾನವೇ ಉಡುಗಿಹೋಗಿತ್ತು.

ಗಾಂಧಿಬಜಾರಿಗೆ ಬರುವಾಗ ಆಗತಾನೆ ಬೆಳಕು ಹರಿದಿತ್ತು. ಸೇವಂತಿಗೆಯ ಬುಟ್ಟಿಯನ್ನು ತಲೆಯ ಮೇಲೆ ಹೊತ್ತ ವೃದ್ಧೆಯೊಬ್ಬಳು ರಸ್ತೆ ದಾಟುತ್ತಿದ್ದಳು. ಅವಳನ್ನು ನಾನು ದೂರದಿಂದಲೇ ಕಂಡೆ. ಬ್ರೇಕು ಹಿಡಿಯಬೇಕೆಂದು ಬುದ್ಧಿ ಹೇಳಿತು. ಆದರೆ ಬಲಗೈಯ ಬೆರಳುಗಳು ಮಡಿಸಲೇ ಇಲ್ಲ. ಗಾಬರಿಯಿಂದ ಕಾಲಿನ ಬ್ರೇಕನ್ನು ಬಲವಾಗಿ ತುಳಿದೆ. ಹಿಂದಿನ ಚಕ್ರ ಜಾರಿತು. ಗಾಡಿಯೊಡನೆ ನಾನೂ ಉರುಳಿದೆ. ವೃದ್ಧೆ ಹಿಂದಕ್ಕೆ ಸರಿದಳು. ಅವಳಿಗೆ ಗಾಯವಾಗಲಿಲ್ಲ. ಆದರೆ ಬುಟ್ಟಿ ಮಗುಚಿ ಹೂವೆಲ್ಲ ರಸ್ತೆಯ ಪಾಲಾಯಿತು.

ನಾನು ಎದ್ದು ನಾಚಿಕೆಯಿಂದ ಹೂಗಳನ್ನು ಆಯಲು ಬಾಗಿದೆ. ಒಂದು ಹೂವನ್ನೂ ಹಿಡಿದೆತ್ತಲು ನನ್ನ ಬೆರಳುಗಳಿಗೆ ಆಗಲಿಲ್ಲ. ಬೈಗಳನ್ನು ನಿರೀಕ್ಷಿಸುತ್ತಿದ್ದ ನನ್ನ ಕೈಗಳನ್ನು ಆ ತಾಯಿ ಮುಟ್ಟಿ ನೋಡಿ, “ಕೈ ಕಟ್ಟಿಗೆಯಾಗಿ ಹೋಗಿದೆಯಲ್ಲಪ್ಪಾ! ಮೊದಲು ಕೈ ಬೆಚ್ಚಗೆ ಮಾಡಿಕೋ, ಹೂವ ಆಮೇಲೆ ಆಯ್ದರಾಯಿತು” ಎಂದಳು. ಪಕ್ಕದ ಚಹದಂಗಡಿಯವನು ಬಿಸಿ ಲೋಟವನ್ನು ನನ್ನ ಎರಡು ಅಂಗೈಗಳ ನಡುವೆ ಇರಿಸಿದನು. ಹೊರಡುವಾಗ ಒಂದು ಹಳೆಯ ವೃತ್ತಪತ್ರಿಕೆಯನ್ನು ಮಡಿಸಿ ಕೊಟ್ಟು, “ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳಿ ಸ್ವಾಮಿ” ಎಂದನು. ಹಾಳಾದ ಹೂವಿನ ಬೆಲೆಯನ್ನು ಕೊಟ್ಟು ನಾನು ತಲೆತಗ್ಗಿಸಿಕೊಂಡು ಹೊರಟೆ. ಆ ಬೆಳಗಿನಲ್ಲಿ ನಡೆದುದಕ್ಕೆ ಕಾರಣವೇನೆಂಬುದನ್ನು ತಿಳಿಯುವ ಆಸೆ ಅಂದಿನಿಂದ ನನ್ನಲ್ಲಿ ಮೂಡಿತು.

ನಮ್ಮ ದೇಹದ ಒಳಗಿನ ಉಷ್ಣತೆ ಸುಮಾರು 37 ಡಿಗ್ರಿ. ಸುತ್ತಲಿನ ಗಾಳಿಯು ಅದಕ್ಕಿಂತ ತಣ್ಣಗಿರುವಾಗ ದೇಹದ ಶಾಖವು ಹೊರಕ್ಕೆ ಹರಿಯುತ್ತದೆ. ಆದರೆ ಗಾಳಿ ಬೀಸದೆ ಇರುವಾಗ ಚರ್ಮಕ್ಕೆ ಅಂಟಿದಂತೆ ಗಾಳಿಯ ಒಂದು ತೆಳುವಾದ ಪದರ ನಿಂತಿರುತ್ತದೆ. ದೇಹವು ಅದನ್ನು ಬೆಚ್ಚಗಾಗಿಸುತ್ತದೆ. ನಿಶ್ಚಲವಾದ ಗಾಳಿಯ ಮೂಲಕ ಶಾಖವು ಸುಲಭವಾಗಿ ಸಾಗದಿರುವುದರಿಂದ ಆ ಪದರವೇ ಕಣ್ಣಿಗೆ ಕಾಣದ ಕಂಬಳಿಯಾಗುತ್ತದೆ. ಗಾಳಿ ಬೀಸಿದರೆ ಈ ಕಂಬಳಿ ಹಾರಿಹೋಗುತ್ತದೆ. ಅದರ ಜಾಗದಲ್ಲಿ ಹೊಸ ತಣ್ಣನೆಯ ಗಾಳಿ ಬಂದು ಶಾಖವನ್ನು ಹೀರಿಕೊಂಡು ಮುಂದೆ ಸಾಗುತ್ತದೆ. ಬಿಸಿ ಕಾಫಿಯನ್ನು ನಾವು ಊದಿ ಆರಿಸುವುದೂ ಹೀಗೆಯೇ ಅಲ್ಲವೆ?

ಮೋಟಾರ್‌ಸೈಕಲ್ ಸವಾರನಿಗೆ ಗಾಳಿ ಬೀಸಬೇಕಾಗಿಯೇ ಇಲ್ಲ. ಎಲೆ ಅಲುಗದ ಬೆಳಗಿನಲ್ಲಿಯೂ ಅವನು ತನ್ನ ವೇಗದಿಂದಲೇ ಗಾಳಿಯನ್ನು ಸೃಷ್ಟಿಸಿಕೊಳ್ಳುತ್ತಾನೆ. ಗಂಟೆಗೆ 60 ಕಿಲೋಮೀಟರು ವೇಗದಲ್ಲಿ ಹೋಗುವವನು ಅಷ್ಟೇ ವೇಗದ ಗಾಳಿಗೆ ಎದೆಯೊಡ್ಡಿ ನಿಂತವನಿಗೆ ಸಮಾನ.

ಗಾಳಿಯಿಂದ ಚಳಿ ಎಷ್ಟು ಹೆಚ್ಚುತ್ತದೆಂಬುದನ್ನು ಅಳೆಯಲು ಅಮೆರಿಕದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಎಂಬುವರು 1940ರ ದಶಕದ ಆರಂಭದಲ್ಲಿ ಅಂಟಾರ್ಕ್ಟಿಕದಲ್ಲಿ ಪ್ರಯೋಗಗಳನ್ನು ಮಾಡಿದರು. ಪ್ಲಾಸ್ಟಿಕ್ಕಿನ ಪಾತ್ರೆಯಲ್ಲಿ ನೀರು ತುಂಬಿ ಅದನ್ನು ಗಾಳಿಗೆ ತೂಗುಹಾಕಿ, ನೀರು ಹೆಪ್ಪುಗಟ್ಟಲು ಹಿಡಿಯುವ ಕಾಲವನ್ನು ಅವರು ಗುರುತಿಸಿದರು. ಇದೇ ಹಾದಿಯಲ್ಲಿ ಮುಂದುವರಿದು ಅಮೆರಿಕ ಮತ್ತು ಕೆನಡಾ ದೇಶಗಳು 2001ರಲ್ಲಿ ಒಂದು ಹೊಸ ಸೂತ್ರವನ್ನು ಬಳಕೆಗೆ ತಂದವು. ಆ ಸೂತ್ರದ ಪ್ರಕಾರ 10 ಡಿಗ್ರಿ ಉಷ್ಣತೆಯಲ್ಲಿ ಗಂಟೆಗೆ 20 ಕಿಲೋಮೀಟರು ವೇಗದ ಗಾಳಿ ಮುಖಕ್ಕೆ ಬಡಿದರೆ ಸುಮಾರು 7 ಡಿಗ್ರಿಯ ಚಳಿಯಂತೆ ಅನಿಸುತ್ತದೆ. 60 ಕಿಲೋಮೀಟರಾದರೆ ಸುಮಾರು 5 ಡಿಗ್ರಿಯಂತೆ. ಅಂಕಿಗಳು ಚಿಕ್ಕವಾಗಿ ಕಾಣಬಹುದು. ಆದರೆ ಸವಾರನು ಈ ಚಳಿಯನ್ನು ಕೈಕಾಲು ಆಡಿಸದೆ, ಒಂದೇ ಭಂಗಿಯಲ್ಲಿ ಕುಳಿತು, ಗಂಟೆಗಟ್ಟಲೆ ಎದುರಿಸಬೇಕಾಗುತ್ತದೆ. ಮಂಜಿನಿಂದ ಕೈ ಒದ್ದೆಯಾದರೆ ನೀರು ಆವಿಯಾಗುತ್ತ ಇನ್ನಷ್ಟು ಶಾಖವನ್ನು ಕೊಂಡೊಯ್ಯುತ್ತದೆ. ಇಲ್ಲಿ ಒಂದು ಮಾತನ್ನು ನೆನಪಿಡಬೇಕು. ಗಾಳಿಯು ವಸ್ತುವನ್ನು ತನಗಿಂತ ತಣ್ಣಗೆ ಮಾಡಲಾರದು. ಒಣಗಿದ ಉಷ್ಣತಾಮಾಪಕವು ಗಾಳಿಯಲ್ಲಿಯೂ ನೆರಳಿನಲ್ಲಿಯೂ ಅದೇ ಅಂಕಿಯನ್ನು ತೋರಿಸುತ್ತದೆ. ಗಾಳಿಯು ಹೆಚ್ಚಿಸುವುದು ಶಾಖ ಕಳೆದುಹೋಗುವ ವೇಗವನ್ನು ಮಾತ್ರ.

ಶಾಖ ಹೀಗೆ ಸೋರಿಹೋಗುತ್ತಿರುವಾಗ ದೇಹವು ಸುಮ್ಮನಿರುವುದಿಲ್ಲ. ಹೃದಯ, ಮೆದುಳು ಮೊದಲಾದ ಮುಖ್ಯ ಅಂಗಗಳನ್ನು ಬೆಚ್ಚಗೆ ಇಡುವುದೇ ಅದರ ಮೊದಲ ಕರ್ತವ್ಯ. ಆದುದರಿಂದ ಅದು ಕೈಕಾಲುಗಳ ತುದಿಯ ರಕ್ತನಾಳಗಳನ್ನು ಸಂಕುಚಿತಗೊಳಿಸಿ ಅಲ್ಲಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ಬರಗಾಲದಲ್ಲಿ ಮನೆಯ ಹಿರಿಯನು ಖರ್ಚನ್ನು ಬಿಗಿಹಿಡಿಯುವಂತೆ ಇದು. ಬೆರಳುಗಳ ನರಗಳು ಜಡವಾಗುತ್ತವೆ, ಸ್ನಾಯುಗಳು ನಿಧಾನವಾಗುತ್ತವೆ, ಹಿಡಿತ ಸಡಿಲವಾಗುತ್ತದೆ. ಆದರೆ ಸವಾರನ ಪ್ರಾಣವಿರುವುದು ಆ ಬೆರಳುಗಳಲ್ಲಿಯೇ. ಎಡಗೈಯಲ್ಲಿ ಕ್ಲಚ್ಚು, ಬಲಗೈಯಲ್ಲಿ ಮುಂದಿನ ಬ್ರೇಕು. ಗಂಟೆಗೆ 36 ಕಿಲೋಮೀಟರು ವೇಗದ ಗಾಡಿಯು ಒಂದು ಸೆಕೆಂಡಿನಲ್ಲಿ 10 ಮೀಟರು ಸಾಗುತ್ತದೆ. ಬೆರಳು ಮಡಿಸಲು ಒಂದು ಸೆಕೆಂಡು ತಡವಾದರೆ ಗಾಡಿ 10 ಮೀಟರು ಮುಂದೆ ಹೋಗಿಯೇ ನಿಲ್ಲುತ್ತದೆ. ಆ 10 ಮೀಟರಿನಲ್ಲಿ ಒಂದು ಮಗುವಿರಬಹುದು. ಹೂವಿನ ಬುಟ್ಟಿ ಹೊತ್ತ ವೃದ್ಧೆಯಿರಬಹುದು.

ಚಳಿಯು ಸವಾರನನ್ನಷ್ಟೇ ಅಲ್ಲ, ಯಂತ್ರವನ್ನೂ ಕಾಡುತ್ತದೆ. ಪೆಟ್ರೋಲು ಆವಿಯಾಗಿ ಗಾಳಿಯೊಡನೆ ಬೆರೆತರೆ ಮಾತ್ರ ಚೆನ್ನಾಗಿ ಉರಿಯುತ್ತದೆ. ಚಳಿಯಲ್ಲಿ ಅದು ಸುಲಭವಾಗಿ ಆವಿಯಾಗುವುದಿಲ್ಲ. ಆದುದರಿಂದಲೇ ಹಿಂದಿನ ಗಾಡಿಗಳಲ್ಲಿ ಚೋಕು ಎಂಬ ಸಾಧನವನ್ನು ಎಳೆದು, ಗಾಳಿಯ ಪ್ರಮಾಣಕ್ಕೆ ಹೋಲಿಸಿದರೆ ಪೆಟ್ರೋಲಿನ ಪ್ರಮಾಣ ಹೆಚ್ಚಾಗುವಂತೆ ಮಾಡಿ ಕಿಕ್ ಹೊಡೆಯುತ್ತಿದ್ದರು. ಧನುರ್ಮಾಸದ ಬೆಳಗಿನಲ್ಲಿ ಹಳೆಯ ಬಡಾವಣೆಗಳ ಓಣಿಗಳಲ್ಲಿ ದೇವಾಲಯದ ಗಂಟೆಯೊಡನೆ ಈ ಕಿಕ್ಕಿನ ಸದ್ದೂ ಕೇಳಿಬರುತ್ತಿತ್ತು. 2020ರ ಏಪ್ರಿಲ್ 1ರಿಂದ ನಮ್ಮ ದೇಶದಲ್ಲಿ ಬಿ.ಎಸ್. 6 ಎಂಬ ಮಾಲಿನ್ಯ ನಿಯಮಗಳು ಜಾರಿಗೆ ಬಂದ ಮೇಲೆ ಹೊಸ ಗಾಡಿಗಳಲ್ಲಿ ಹೆಚ್ಚಿನವು ಪೆಟ್ರೋಲನ್ನು ಅಳೆದು ಚಿಮ್ಮಿಸುವ ವ್ಯವಸ್ಥೆಯನ್ನು ಹೊಂದಿವೆ. ಚೋಕಿನ ಕೆಲಸವನ್ನು ಈಗ ಯಂತ್ರವೇ ತಾನಾಗಿ ಮಾಡಿಕೊಳ್ಳುತ್ತದೆ. ಯಂತ್ರವು ಜಾಣವಾಯಿತು, ಸವಾರನ ಬೆರಳು ಮಾತ್ರ ಹಿಂದೆ ಇದ್ದಂತೆಯೇ ಇದೆ.

ಇನ್ನು ಚಳಿಯನ್ನು ಎದುರಿಸುವ ಬಗೆ. ಇದಕ್ಕೆ ಹೆಚ್ಚಿನ ಹಣ ಬೇಡ, ತಿಳಿವಳಿಕೆ ಬೇಕು. ಚಹದಂಗಡಿಯವನು ಕೊಟ್ಟ ವೃತ್ತಪತ್ರಿಕೆಯಲ್ಲಿ ವಿಜ್ಞಾನವೇ ಅಡಗಿತ್ತು. ಕಾಗದವು ಗಾಳಿಯನ್ನು ಒಳಕ್ಕೆ ಬಿಡದು; ಅದರ ಮಡಿಕೆಗಳ ನಡುವೆ ಸಿಕ್ಕಿದ ಗಾಳಿಯು ಶಾಖವನ್ನು ಹೊರಕ್ಕೆ ಬಿಡದು. ಬೆಟ್ಟಗಳನ್ನೇರಿ ಇಳಿಯುವ ಯುರೋಪಿನ ಸೈಕಲ್ ಪಂದ್ಯದ ಸವಾರರೂ ಇದೇ ಉಪಾಯವನ್ನು ಬಳಸಿದ್ದುಂಟು. ಒಂದು ದಪ್ಪ ಅಂಗಿಗಿಂತ ಒಂದರ ಮೇಲೊಂದು ತೊಟ್ಟ ಎರಡು ಅಂಗಿಗಳು ಮೇಲೆನ್ನುವುದಕ್ಕೂ ನಡುವೆ ನಿಲ್ಲುವ ಗಾಳಿಯೇ ಕಾರಣ. ಉಣ್ಣೆಯ ಸ್ವೆಟರಿನ ಮೇಲೆ ಗಾಳಿ ತೂರದ ಹೊದಿಕೆಯೊಂದಿರಬೇಕು. ಕೈಗವಸು ಬೆಚ್ಚಗಿರಬೇಕು, ಆದರೆ ಬೆರಳಾಡಿಸಲಾಗದಷ್ಟು ದಪ್ಪವಾಗಿರಬಾರದು. ಮಫ್ಲರಿನ ತುದಿ, ಸೀರೆಯ ಸೆರಗು, ದುಪಟ್ಟಾಗಳು ಚಕ್ರಕ್ಕೆ ಸಿಕ್ಕದಂತೆ ಒಳಕ್ಕೆ ಸೇರಿರಬೇಕು. 1988ರ ಮೋಟಾರು ವಾಹನ ಅಧಿನಿಯಮವು ಹೆಲ್ಮೆಟ್ಟನ್ನು ಕಡ್ಡಾಯಗೊಳಿಸಿದೆ. ಅದು ತಲೆಯನ್ನು ಕಾಯುವುದರ ಜೊತೆಗೆ ಕಿವಿಗಳನ್ನೂ ಬೆಚ್ಚಗಿಡುತ್ತದೆ.

ಎಲ್ಲಕ್ಕಿಂತ ಸುಲಭವಾದ ಉಪಾಯವೆಂದರೆ ವೇಗವನ್ನು ತಗ್ಗಿಸುವುದು ಮತ್ತು ಆಗಾಗ ನಿಲ್ಲುವುದು. ನಿಂತಾಗ ಒಂದು ಪರೀಕ್ಷೆ ಮಾಡಿಕೊಳ್ಳಬೇಕು. ಹೆಬ್ಬೆರಳಿನ ತುದಿಯಿಂದ ಅದೇ ಕೈಯ ಕಿರುಬೆರಳಿನ ತುದಿಯನ್ನು ಮುಟ್ಟಿ ನೋಡಬೇಕು. ಸರಾಗವಾಗಿ ಮುಟ್ಟಲು ಆಗದಿದ್ದರೆ ಆ ಕೈ ಬ್ರೇಕು ಹಿಡಿಯಲು ಯೋಗ್ಯವಲ್ಲ. ಕೈಗೆ ಬಿಸಿ ಬರುವವರೆಗೂ ಪ್ರಯಾಣವನ್ನು ನಿಲ್ಲಿಸಬೇಕು. ನೋವು ನಿಂತುದನ್ನು ಅಭ್ಯಾಸವೆಂದು ತಿಳಿದ ನನ್ನ ತಪ್ಪನ್ನು ನೀವಾರೂ ಮಾಡಬಾರದು.

ಗಾಡಿ ಓಡಿಸುವ ವಯಸ್ಸು ನಿಮಗೆ ಇನ್ನೂ ಬಂದಿಲ್ಲ. ಆದರೆ ತಂದೆಯ ಹಿಂದೆ ಕುಳಿತು ನೀವು ಶಾಲೆಗೆ ಬರುತ್ತಿರಬಹುದು. ನಿಮ್ಮಲ್ಲಿ ಕೆಲವರು ಮುಂಜಾನೆ ಸೈಕಲ್ ಏರಿ ಪತ್ರಿಕೆ ಹಂಚಿ, ಆಮೇಲೆ ಪಾಠಕ್ಕೆ ಬರುತ್ತಿರಲೂಬಹುದು. ಅವರಿಗೂ ಈ ಪಾಠ ಅನ್ವಯಿಸುತ್ತದೆ. ದಿನದ ಅತಿ ಹೆಚ್ಚಿನ ಚಳಿ ನಡುರಾತ್ರಿಯದೆಂದು ನಾವು ತಿಳಿಯುತ್ತೇವೆ. ಅದು ಸರಿಯಲ್ಲ. ನೆಲವು ಇರುಳೆಲ್ಲ ತನ್ನ ಶಾಖವನ್ನು ಆಕಾಶಕ್ಕೆ ಬಿಡುತ್ತಲೇ ಇರುವುದರಿಂದ ಅತಿ ಹೆಚ್ಚಿನ ಚಳಿ ಸೂರ್ಯೋದಯದ ಹೊತ್ತಿನಲ್ಲಿರುತ್ತದೆ. ಹಾಲು, ಪತ್ರಿಕೆ, ಹೂವು, ತರಕಾರಿಗಳು ಊರೊಳಗೆ ಬರುವುದೂ ಅದೇ ಹೊತ್ತಿನಲ್ಲಿಯೇ. ನಾವು ಹೊದಿಕೆಯೊಳಗೆ ಮುದುಡಿಕೊಂಡಿರುವಾಗ ನಮಗಾಗಿ ದಿನದ ಕಡುಚಳಿಯನ್ನು ಯಾರೋ ಹೊತ್ತು ತಿರುಗುತ್ತಿರುತ್ತಾರೆ. ಅವರ ಕೈಗೆ ಒಂದು ಜೊತೆ ಕೈಗವಸು, ಒಂದು ಲೋಟ ಬಿಸಿ ಕಾಫಿ ದೊರೆತರೆ ಅವರಿಗೂ ಕ್ಷೇಮ, ಬೀದಿಯಲ್ಲಿ ನಡೆಯುವವರಿಗೂ ಕ್ಷೇಮ.

ಗಾಂಧಿಬಜಾರಿನಲ್ಲಿ ಸೇವಂತಿಗೆಯನ್ನು ಕಂಡಾಗಲೆಲ್ಲ ನನಗೆ ಆ ತಾಯಿಯ ನೆನಪಾಗುತ್ತದೆ. ಅಂದಿನ ನಷ್ಟ ಅವಳದು, ತಪ್ಪು ನನ್ನದು. ಆದರೂ ಅವಳು ಮೊದಲು ನೋಡಿದುದು ತನ್ನ ಹೂವನ್ನಲ್ಲ, ನನ್ನ ಕೈಯನ್ನು.