ತಿಳಿದ ಕಥೆಗೆ ಕೆತ್ತಿದ ಚಿತ್ರ: ಹೊಯ್ಸಳ ಪಟ್ಟಿಕೆಗಳಲ್ಲಿ ಕಥಾಸಾತತ್ಯ

ಟೆಲಿವಿಷನ್ ಧಾರಾವಾಹಿಯೊಂದರ ಪಾತ್ರಗಳನ್ನು ಬಳಸಿಕೊಂಡು ಪ್ರಕಟವಾಗುವ ಕಾಮಿಕ್ಸ್ ಪುಸ್ತಕ ಹೊಸ ಕಥೆಯನ್ನು ಹೇಳಬಹುದಾದರೂ ಅದರ ಓದುಗ ಮಾತ್ರ ಆ ಲೋಕಕ್ಕೆ ಹೊಸಬನಲ್ಲ. ನಾಯಕನ ಮುಖ, ಉಡುಪಿನ ಬಣ್ಣ, ವಾಹನದ ಆಕಾರ ಎಲ್ಲವೂ ಅವನಿಗೆ ಪರಿಚಿತವಾಗಿರುವುದರಿಂದ, ಚಿತ್ರಕಾರ ಎಲ್ಲಿ ತಪ್ಪಿದರೂ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಹೀಗೆ ಮೂಲದಲ್ಲಿ ನೆಲೆಗೊಂಡ ವಿವರಗಳು ಚಿತ್ರದಲ್ಲಿಯೂ, ಒಂದು ಚೌಕಟ್ಟಿನಲ್ಲಿ ಕಂಡ ವಿವರಗಳು ಮುಂದಿನ ಚೌಕಟ್ಟಿನಲ್ಲಿಯೂ ಕೆಡದೆ ಮುಂದುವರಿಯುವ ಗುಣವನ್ನು ಕಥಾಸಾತತ್ಯವೆಂದು ಕರೆಯಬಹುದು.

ಈ ಗುಣ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ವೈಜ್ಞಾನಿಕ ಕಥಾಲೋಕವೇ ಉತ್ತಮ ನಿದರ್ಶನಗಳನ್ನು ಒದಗಿಸುತ್ತದೆ. ಅಮೆರಿಕದ ‘ಸ್ಟಾರ್ ಟ್ರೆಕ್’ ಧಾರಾವಾಹಿಯನ್ನು ಆಧರಿಸಿ ಗೋಲ್ಡ್ ಕೀ ಸಂಸ್ಥೆ 1967ರಿಂದ 1979ರವರೆಗೆ 61 ಸಂಚಿಕೆಗಳನ್ನು ಹೊರತಂದಿತು. ಆರಂಭದ ಸಂಚಿಕೆಗಳಿಗೆ ಚಿತ್ರ ಬರೆದ ಇಟಲಿಯ ಕಲಾವಿದರು ಧಾರಾವಾಹಿಯನ್ನೇ ನೋಡದೆ ಫೋಟೋಗಳನ್ನು ಮುಂದಿಟ್ಟುಕೊಂಡು ಕೆಲಸ ಮಾಡಿದುದರಿಂದ, ತೆರೆಯ ಮೇಲೆ ಹೊಗೆಯಿಲ್ಲದೆ ಸಾಗುತ್ತಿದ್ದ ವ್ಯೋಮನೌಕೆ ಕಾಮಿಕ್ಸ್‌ನಲ್ಲಿ ರಾಕೆಟ್ಟಿನಂತೆ ಬೆಂಕಿಯುಗುಳಿತು. ಬ್ರಿಟನ್ನಿನ ‘ಟಿವಿ ಕಾಮಿಕ್’ ಪತ್ರಿಕೆಯಲ್ಲಿ 1964ರಲ್ಲಿ ಆರಂಭವಾದ ‘ಡಾಕ್ಟರ್ ಹೂ’ ಚಿತ್ರಕಥೆಯಾದರೋ, ಧಾರಾವಾಹಿಯಲ್ಲಿ ಎಂದೂ ಕಾಣದ ಜಾನ್ ಮತ್ತು ಜಿಲಿಯನ್ ಎಂಬ ಇಬ್ಬರು ಮೊಮ್ಮಕ್ಕಳನ್ನು ನಾಯಕನಿಗೆ ಕೊಟ್ಟಿತು. ಇದಕ್ಕೆ ವ್ಯತಿರಿಕ್ತವಾಗಿ, 1965ರಲ್ಲಿ ಹೊರಬಂದ ‘ಟಿವಿ ಸೆಂಚುರಿ 21’ ಪತ್ರಿಕೆ ತನ್ನ ಕಥೆಗಳ ಕಾಲಕ್ಕೆ ಹೊಂದುವಂತೆ ಮುಖಪುಟದಲ್ಲಿ 2065ರ ದಿನಾಂಕವನ್ನೇ ಮುದ್ರಿಸಿ, ಭವಿಷ್ಯದ ದಿನಪತ್ರಿಕೆಯಂತೆ ಕಾಣಿಸಿಕೊಂಡಿತು.

ಕೇಳುಗರಿಗೆ ಮೊದಲೇ ತಿಳಿದಿರುವ ಕಥೆಯನ್ನು ಸಾಲುಚಿತ್ರಗಳಲ್ಲಿ ಹೇಳುವ ಕೆಲಸ ಟೆಲಿವಿಷನ್ನಿಗಿಂತ ಬಹು ಹಳೆಯದು. ಅದರ ಅತ್ಯಂತ ವಿಸ್ತಾರವಾದ ರೂಪಗಳಲ್ಲೊಂದು ಹಾಸನ ಜಿಲ್ಲೆಯ ಹೊಯ್ಸಳ ದೇವಾಲಯಗಳ ಹೊರಭಿತ್ತಿಗಳಲ್ಲಿದೆ. ಹಳೇಬೀಡಿನ ಹೊಯ್ಸಳೇಶ್ವರ, ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿಯ ಲಕ್ಷ್ಮೀನರಸಿಂಹ ಮೊದಲಾದ ಗುಡಿಗಳಲ್ಲಿ ಭಿತ್ತಿಯ ಕೆಳಭಾಗವನ್ನು ಒಂದರ ಮೇಲೊಂದು ಅಡ್ಡಪಟ್ಟಿಗಳು ಸುತ್ತುವರಿದಿದ್ದು, ಇವುಗಳನ್ನು ಶಿಲ್ಪದ ಪರಿಭಾಷೆಯಲ್ಲಿ ಪಟ್ಟಿಕೆಗಳೆನ್ನುತ್ತಾರೆ. ನುಗ್ಗೇಹಳ್ಳಿಯಲ್ಲಿ ಕೆಳಗಿನಿಂದ ಆನೆ, ಕುದುರೆ ಸವಾರರು ಮತ್ತು ಬಳ್ಳಿಗಳ ಸಾಲುಗಳಾದ ಮೇಲೆ ನಾಲ್ಕನೆಯದಾಗಿ ಕಥಾಪಟ್ಟಿಕೆ ಬರುತ್ತದೆ. ಅದರ ಮೇಲೆ ಮಕರ ಮತ್ತು ಹಂಸಗಳ ಸಾಲುಗಳಿವೆ. ಉಳಿದ ಪಟ್ಟಿಕೆಗಳಲ್ಲಿ ಒಂದೇ ಬಗೆಯ ಆಕೃತಿಗಳು ಮರುಕಳಿಸುತ್ತ ಹೋದರೆ, ಈ ಒಂದು ಪಟ್ಟಿಕೆಯಲ್ಲಿ ಮಾತ್ರ ಘಟನೆಗಳು ಮುಂದೆ ಸಾಗುತ್ತವೆ.

ಈ ಕಥೆಯನ್ನು ಓದುವ ದಿಕ್ಕನ್ನು ಪ್ರದಕ್ಷಿಣೆಯೇ ಗೊತ್ತುಮಾಡುತ್ತದೆ. ಗುಡಿಯ ಎತ್ತರದ ಕಟ್ಟೆಯಾದ ಜಗತಿಯ ಮೇಲೆ ಭಕ್ತ ಭಿತ್ತಿಯನ್ನು ಬಲಕ್ಕೆ ಇಟ್ಟುಕೊಂಡು ನಡೆಯುತ್ತಾನಾದ್ದರಿಂದ, ಅವನು ನಿಂತು ಭಿತ್ತಿಯ ಕಡೆಗೆ ತಿರುಗಿದಾಗ ಕಥೆ ಬಲದಿಂದ ಎಡಕ್ಕೆ, ಅಂದರೆ ಕನ್ನಡ ಬರಹದ ದಿಕ್ಕಿಗೆ ವಿರುದ್ಧವಾಗಿ ಸಾಗುತ್ತದೆ. ಪುಸ್ತಕ ಓದುವ ಅಭ್ಯಾಸದಿಂದ ಎಡತುದಿಯಲ್ಲಿ ಆರಂಭಿಸುವ ಪ್ರವಾಸಿಗೆ ಪ್ರಸಂಗಗಳು ಹಿಂದುಮುಂದಾಗಿ ಕಾಣುವುದಕ್ಕೆ ಇದೇ ಕಾರಣ. ಈ ಕ್ರಮಕ್ಕೆ ಅಪವಾದವೂ ಉಂಟು. ನೆರೆಯ ಚಿಕ್ಕಮಗಳೂರು ಜಿಲ್ಲೆಯ ಅಮೃತಾಪುರದಲ್ಲಿ 1196ರಲ್ಲಿ ಕಟ್ಟಿದ ಅಮೃತೇಶ್ವರ ದೇವಾಲಯದ ದಕ್ಷಿಣ ಭಾಗದಲ್ಲಿ ರಾಮಾಯಣವನ್ನು 70 ಬಿಡಿ ಫಲಕಗಳಲ್ಲಿ ಅಪ್ರದಕ್ಷಿಣವಾಗಿ ನಿರೂಪಿಸಲಾಗಿದ್ದರೆ, ಉತ್ತರ ಭಾಗದ ಕೃಷ್ಣಕಥೆ ಮತ್ತು ಮಹಾಭಾರತ ವಾಡಿಕೆಯ ದಿಕ್ಕನ್ನೇ ಅನುಸರಿಸುತ್ತವೆ.

ದಿಕ್ಕಿನ ನಂತರದ ಸಮಸ್ಯೆ ಪಾತ್ರಗಳ ಗುರುತಿನದು. ಒಂದೇ ಪಟ್ಟಿಕೆಯಲ್ಲಿ ಒಬ್ಬನೇ ವೀರ ಮತ್ತೆ ಮತ್ತೆ ಬರುವಾಗ, ಗೇಣಗಲದ ಜಾಗದಲ್ಲಿ ಮುಖಭಾವದಿಂದ ಅವನನ್ನು ಗುರುತಿಸುವುದು ಕಷ್ಟವಾದ್ದರಿಂದ, ಶಿಲ್ಪಿಗಳು ಬದಲಾಗದ ಲಾಂಛನಗಳನ್ನು ಅವಲಂಬಿಸಿದರು. ಭೀಮನಿಗೆ ಗದೆ, ರಾಮಲಕ್ಷ್ಮಣರಿಗೆ ಬಿಲ್ಲು, ರಾವಣನಿಗೆ ಹಲವು ತಲೆಗಳು, ಹನುಮಂತನಿಗೆ ಬಾಲ ಎಂಬಂತಹ ಕಟ್ಟುಪಾಡು ಇರುವವರೆಗೆ ನೋಡುಗನಿಗೆ ಬರಹದ ನೆರವು ಬೇಕಾಗುವುದಿಲ್ಲ. ಆದರೆ ಸಾತತ್ಯವೆಂದರೆ ನೋಟದ ಕೋನವೂ ಬದಲಾಗಬಾರದೆಂದು ಅರ್ಥವಲ್ಲ. ಹಳೇಬೀಡಿನ ಚಕ್ರವ್ಯೂಹದ ಶಿಲ್ಪದಲ್ಲಿ ವ್ಯೂಹವನ್ನು ಮೇಲಿನಿಂದ ಕಂಡ ಸುರುಳಿಯಂತೆಯೂ, ಯೋಧರನ್ನು ಪಕ್ಕದಿಂದ ಕಂಡಂತೆಯೂ ಕೆತ್ತಿರುವುದರಿಂದ, ಒಳಹೊಕ್ಕ ಅಭಿಮನ್ಯುವಿಗೆ ಹೊರದಾರಿ ಏಕೆ ಸಿಗಲಿಲ್ಲ ಎಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ. ಎರಡು ಕೋನಗಳ ಬೆರಕೆಯನ್ನು ಒಪ್ಪಿಕೊಂಡ ಶಿಲ್ಪಿ ಕಥೆಯ ಸತ್ಯವನ್ನು ಬಿಟ್ಟುಕೊಡಲಿಲ್ಲ.

ಮೂಲವೇ ಎರಡಾಗಿದ್ದಾಗ ಸಾತತ್ಯದ ಪ್ರಶ್ನೆ ಇನ್ನಷ್ಟು ಜಟಿಲವಾಗುತ್ತದೆ. ಹೊಯ್ಸಳ ನಾಡಿನಲ್ಲಿ ರಾಮಕಥೆ ಒಂದೇ ಆಗಿರಲಿಲ್ಲ. ಅಭಿನವ ಪಂಪನೆಂದು ಹೆಸರಾದ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಜೈನ ಪರಂಪರೆಯನ್ನು ಅನುಸರಿಸುವ ಕಾವ್ಯವಾಗಿದ್ದು, ಅಲ್ಲಿ ರಾವಣನನ್ನು ಕೊಲ್ಲುವವನು ಲಕ್ಷ್ಮಣ. ವಾನರರು ಕಪಿಗಳಲ್ಲ, ಕಪಿಧ್ವಜವುಳ್ಳ ವಿದ್ಯಾಧರರು. ಜೈನ ರಾಮಕಥೆಗಳು ಹತ್ತು ತಲೆಗಳಿಗೂ ಕಾರಣ ಕೊಟ್ಟು, ಅವು ಹಾರದ ರತ್ನಗಳಲ್ಲಿ ಮೂಡಿದ ಮುಖದ ಪ್ರತಿಬಿಂಬಗಳೆಂದು ವಿವರಿಸುತ್ತವೆ. ಶ್ರವಣಬೆಳಗೊಳವನ್ನು ಒಳಗೊಂಡ ಈ ಜಿಲ್ಲೆಯಲ್ಲಿ ಎರಡು ಪರಂಪರೆಗಳೂ ಅಕ್ಕಪಕ್ಕದಲ್ಲಿ ಬಾಳಿದವು. ಹಳೇಬೀಡಿನ ಶಿವಾಲಯದ ಭಿತ್ತಿಯಲ್ಲಿ ಕೈಲಾಸವನ್ನು ಎತ್ತುವ ರಾವಣನಿಗೆ ಹಲವು ತಲೆಗಳು ಇದ್ದೇ ಇವೆ. ಅಲ್ಲಿಯ ಶಿಲ್ಪಿ ತಾನು ಹೇಳುತ್ತಿರುವ ಕಥೆ ಯಾವ ಪರಂಪರೆಯದು ಎಂಬುದನ್ನು ಮರೆಯಲಿಲ್ಲ.

ಒಂದೇ ಕೃತಿಯನ್ನು ಹಲವು ಕೈಗಳು ರಚಿಸಿದಾಗಲೂ ಇದೇ ಶಿಸ್ತು ಬೇಕಾಗುತ್ತದೆ. ನುಗ್ಗೇಹಳ್ಳಿಯ ದೇವಾಲಯವನ್ನು ಹೊಯ್ಸಳ ದೊರೆ ಸೋಮೇಶ್ವರನ ಕಾಲದಲ್ಲಿ, 1246ರಲ್ಲಿ, ಬೊಮ್ಮಣ್ಣ ದಂಡನಾಯಕ ಕಟ್ಟಿಸಿದನು. ಅಲ್ಲಿಯ ದಕ್ಷಿಣ ಪಾರ್ಶ್ವದ ಶಿಲ್ಪಗಳು ಬೈಚೋಜನವೆಂದೂ ಉತ್ತರ ಪಾರ್ಶ್ವದವು ಮಲ್ಲಿತಮ್ಮನವೆಂದೂ ಇತಿಹಾಸಕಾರರು ಗುರುತಿಸಲು ಸಾಧ್ಯವಾಗಿರುವುದು ಹೊಯ್ಸಳ ಶಿಲ್ಪಿಗಳು ತಮ್ಮ ಕೃತಿಗಳ ಕೆಳಗೆ ಹೆಸರು ಕೊರೆಯುತ್ತಿದ್ದುದರಿಂದ. ಇಬ್ಬರ ಕೈಚಳಕ ಬೇರೆಯಾದರೂ ಪಟ್ಟಿಕೆಗಳ ಕ್ರಮವನ್ನಾಗಲಿ ದೇವತೆಗಳ ಲಾಂಛನಗಳನ್ನಾಗಲಿ ಯಾರೊಬ್ಬರೂ ತಮ್ಮಿಚ್ಛೆಯಂತೆ ಬದಲಿಸಲಿಲ್ಲ.

ಕಾಮಿಕ್ಸ್ ಕಲಾವಿದರು ಎಡವಿದಲ್ಲಿ ಹೊಯ್ಸಳ ಶಿಲ್ಪಿಗಳು ಎಡವದಿರಲು ಕಾರಣ ಪ್ರತಿಭೆಯ ಹೆಚ್ಚುಕಡಿಮೆಯಲ್ಲ. ಇಟಲಿಯ ಚಿತ್ರಕಾರನಿಗೆ ಅವನು ಚಿತ್ರಿಸುತ್ತಿದ್ದ ಕಥೆ ಪರಕೀಯವಾಗಿತ್ತು. ಶಿಲ್ಪಿಯಾದರೋ ತನ್ನ ನೋಡುಗರಷ್ಟೇ ಆ ಕಥೆಯೊಳಗೆ ಬೆಳೆದವನು. ಹಾಸನ, ಹೊಳೆನರಸೀಪುರ, ಅರಕಲಗೂಡುಗಳ ಓದುಗರಿಗೆ ನುಗ್ಗೇಹಳ್ಳಿ ದೂರದ ಊರೇನಲ್ಲ. ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲೇ ಇದೆ. ಅಲ್ಲಿಗೆ ಹೋದವರು ದೊಡ್ಡ ವಿಗ್ರಹಗಳನ್ನು ನೋಡಿ ಮರಳದೆ, ಭಿತ್ತಿಯನ್ನು ಬಲಕ್ಕೆ ಇಟ್ಟುಕೊಂಡು ನಾಲ್ಕನೆಯ ಪಟ್ಟಿಕೆಯನ್ನು ಒಂದು ಸುತ್ತು ಪೂರ್ತಿಯಾಗಿ ಓದಬೇಕು.