ಮಗ್ಗದ ಮನೆ, ರಂಟೆಯ ಮನೆ

ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿರುವ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸಂಸ್ಥೆಯ ಹೆಸರಿನಲ್ಲಿ ಎರಡು ಮನೆತನಗಳು ಕೂಡಿವೆ. ಅವುಗಳಲ್ಲಿ ಒಂದು ಜಪಾನಿನ ಬಡಗಿಯೊಬ್ಬನ ಮಗನಿಂದ ಬೆಳೆದದ್ದಾದರೆ, ಇನ್ನೊಂದರ ಮೂಲಪುರುಷ ಹುಟ್ಟಿದ್ದು ಕಿತ್ತೂರು ಸೀಮೆಯಲ್ಲಿ, ಸವದತ್ತಿ ಸಮೀಪದ ಗುರ್ಲಹೊಸೂರಿನಲ್ಲಿ. ಮಲಪ್ರಭೆಯ ದಂಡೆಯ ರೈತನಿಗೆ ಕಿರ್ಲೋಸ್ಕರ್ ಎಂಬುದು ಪಂಪಿನ ಮೇಲಿನ ಹೆಸರಾಗಿಯೂ, ಟೊಯೋಟಾ ಎಂಬುದು ಇನ್ನೋವಾ ಗಾಡಿಯ ಮುಂಭಾಗದ ಲಾಂಛನವಾಗಿಯೂ ಚೆನ್ನಾಗಿ ಪರಿಚಿತವಾಗಿವೆ. ಈ ಎರಡು ಮನೆತನಗಳೂ ಮೋಟಾರು ವಾಹನದಿಂದಲ್ಲ, ಬಡವರ ದುಡಿಮೆಯ ಉಪಕರಣಗಳಿಂದ ಆರಂಭಗೊಂಡವು ಎಂಬುದು ಮಾತ್ರ ಅಷ್ಟಾಗಿ ನೆನಪಿನಲ್ಲಿ ಉಳಿದಿಲ್ಲ. ಈ ಕಾರುಗಳ ಬಗ್ಗೆ ಜನರಲ್ಲಿರುವ ನಂಬಿಕೆಯ ಬೇರನ್ನು ಹುಡುಕುವವರು ಕಾರುಗಳಿಗಿಂತ ಹಿಂದಕ್ಕೆ, ಒಂದು ರಂಟೆ ಮತ್ತು ಒಂದು ಮಗ್ಗದವರೆಗೆ, ಹೋಗಬೇಕಾಗುತ್ತದೆ.

ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರ್ ಅವರು 1869ರಲ್ಲಿ ಗುರ್ಲಹೊಸೂರಿನಲ್ಲಿ ಜನಿಸಿದರು. ಮರಾಠಿ ಸಂಗೀತ ನಾಟಕದ ಪ್ರವರ್ತಕರಾದ ಅಣ್ಣಾಸಾಹೇಬ ಕಿರ್ಲೋಸ್ಕರ್ ಅವರೂ 1843ರಲ್ಲಿ ಇದೇ ಊರಿನಲ್ಲಿ ಹುಟ್ಟಿದವರೆಂಬುದನ್ನು ಗಮನಿಸಿದರೆ, ರಂಗಭೂಮಿ ಮತ್ತು ಯಂತ್ರೋದ್ಯಮ ಎಂಬ ಎರಡು ದೂರದ ಕ್ಷೇತ್ರಗಳಿಗೆ ಕನ್ನಡ ನೆಲದ ಈ ಒಂದೇ ಹಳ್ಳಿ ಕೊಟ್ಟಿರುವ ಕೊಡುಗೆ ಅಚ್ಚರಿ ಹುಟ್ಟಿಸುತ್ತದೆ. ಚಿತ್ರಕಲೆಯ ಒಲವಿದ್ದ ಲಕ್ಷ್ಮಣರಾಯರು ಮುಂಬಯಿಯ ಜೆ.ಜೆ. ಕಲಾಶಾಲೆಯನ್ನು ಸೇರಿದರಾದರೂ, ಕೆಲವು ಬಣ್ಣಗಳನ್ನು ಬೇರ್ಪಡಿಸಿ ಕಾಣಲಾಗದ ದೃಷ್ಟಿದೋಷದಿಂದ ವರ್ಣಚಿತ್ರವನ್ನು ಬಿಟ್ಟು, ಯಂತ್ರದ ಭಾಗಗಳನ್ನು ಅಳತೆಗೆ ಸರಿಯಾಗಿ ಬಿಡಿಸುವ ಯಂತ್ರರೇಖನದ ಕಡೆಗೆ ತಿರುಗಿದರು, ಮತ್ತು ಮುಂಬಯಿಯ ವಿಕ್ಟೋರಿಯಾ ಜುಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಅದನ್ನೇ ಕಲಿಸುವ ಅಧ್ಯಾಪಕರಾದರು. ತಮಗೆ ಸಲ್ಲಬೇಕಾಗಿದ್ದ ಬಡ್ತಿ ಬೇರೊಬ್ಬರ ಪಾಲಾದಾಗ ಕೆಲಸವನ್ನು ತೊರೆದು, ಅಣ್ಣ ರಾಮಚಂದ್ರರಾಯರೊಡನೆ ಆರಂಭಿಸಿದ್ದ ಬೆಳಗಾವಿಯ ಸೈಕಲ್ ಅಂಗಡಿಗೆ ಮರಳಿದರು. ಕಿರ್ಲೋಸ್ಕರ್ ಉದ್ಯಮವು ತನ್ನ ಆರಂಭವನ್ನು ಈ ಅಂಗಡಿಯ ವರ್ಷವಾದ 1888ರಿಂದ ಲೆಕ್ಕ ಹಾಕುತ್ತದೆ. ಬೆಳಗಾವಿಯ ಕಿರ್ಲೋಸ್ಕರ್ ರಸ್ತೆ ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ.

ಅಂಗಡಿಯಿಂದ ಮೊದಲು ಹೊರಬಂದ ಸ್ವಂತ ತಯಾರಿಕೆಯೆಂದರೆ ದನಗಳ ಮೇವಿಗಾಗಿ ಜೋಳದ ಕಣಿಕೆಯನ್ನು ಸಣ್ಣದಾಗಿ ಕತ್ತರಿಸುವ ಯಂತ್ರ. ಅದರ ಬೆನ್ನಿಗೇ, 1903ರ ಹೊತ್ತಿಗೆ, ಕಬ್ಬಿಣದ ನೇಗಿಲು ಬಂದಿತು. ಬೈಲಹೊಂಗಲ, ಸವದತ್ತಿ, ರಾಮದುರ್ಗಗಳ ಎರೆ ಭೂಮಿಯನ್ನು ಬಲ್ಲವರಿಗೆ ಈ ಉಪಕರಣದ ಬೆಲೆಯನ್ನು ವಿವರಿಸಬೇಕಾಗಿಲ್ಲ: ಮರದ ರಂಟೆಯು ಮಣ್ಣನ್ನು ಗೀರಿ ಸೀಳುತ್ತದೆಯೇ ಹೊರತು ಮಗುಚುವುದಿಲ್ಲ, ಆದ್ದರಿಂದ ಆಳಕ್ಕೆ ಬೇರು ಬಿಡುವ ಕರಿಕೆಯಂತಹ ಕಳೆ ಅದಕ್ಕೆ ಜಗ್ಗುವುದಿಲ್ಲ, ಕಬ್ಬಿಣದ ನೇಗಿಲಿನ ಬಾಗಿದ ರೆಕ್ಕೆಯಾದರೋ ಹೆಂಟೆಯನ್ನು ಬುಡದಿಂದ ಎತ್ತಿ ತಿರುವಿಹಾಕಿ, ಬೇರನ್ನು ಬಿಸಿಲಿಗೆ ಒಡ್ಡುತ್ತದೆ. ಆದರೆ ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆ ಎಂಬ ನಂಬಿಕೆ ರೈತರಲ್ಲಿ ಬಲವಾಗಿದ್ದುದರಿಂದ ಆರಂಭದಲ್ಲಿ ನೇಗಿಲುಗಳು ಕೊಳ್ಳುವವರಿಲ್ಲದೆ ಉಳಿದವು. ರೈತನ ಈ ಹಿಂಜರಿಕೆಯನ್ನು ಕೇವಲ ಮೌಢ್ಯವೆಂದು ತಳ್ಳಿಹಾಕುವುದು ಸರಿಯಲ್ಲ, ಏಕೆಂದರೆ ಒಂದು ಮುಂಗಾರು ತಪ್ಪಿದರೆ ವರ್ಷದ ಅನ್ನವೇ ತಪ್ಪುವವನು ಹೊಸ ಸಾಧನವನ್ನು ಸಂಶಯದಿಂದ ನೋಡುವುದು ಸಹಜ. ಅವನ ನಂಬಿಕೆಯನ್ನು ಗಳಿಸಲು ಮಾತು ಸಾಲದೆ, ಹೊಲದಲ್ಲಿ ಮುರಿಯದೆ ನಿಲ್ಲುವ ವಸ್ತುವೇ ಬೇಕಾಗುತ್ತದೆ.

ಬೆಳಗಾವಿಯ ಪುರಸಭೆಯು ಬಡಾವಣೆಯ ವಿಸ್ತರಣೆಗಾಗಿ ಜಾಗವನ್ನು ತೆರವು ಮಾಡಲು ಹೇಳಿದಾಗ ಲಕ್ಷ್ಮಣರಾಯರು ನೆಲೆ ತಪ್ಪಿದಂತಾದರು. ಆಗ ಔಂಧ ಸಂಸ್ಥಾನದ ಅಧಿಪತಿ ಬಾಳಾಸಾಹೇಬ ಪಂತ ಪ್ರತಿನಿಧಿಯವರು ಕೊಟ್ಟ ಕಳ್ಳಿ ತುಂಬಿದ ಬರಡು ನೆಲದಲ್ಲಿ 1910ರಲ್ಲಿ ಕಿರ್ಲೋಸ್ಕರವಾಡಿ ಎಂಬ ಕೈಗಾರಿಕಾ ಗ್ರಾಮ ಎದ್ದುನಿಂತಿತು. ಹೀಗೆ ಬೆಳಗಾವಿ ಕಳೆದುಕೊಂಡದ್ದು ಸಣ್ಣ ವಸ್ತುವಲ್ಲ. ಮುಂದಿನ ಪೀಳಿಗೆಯವರು ಮಾತ್ರ ಕನ್ನಡ ನಾಡಿಗೆ ಮರಳಿ ಬಂದು, ಲೇತ್ ಯಂತ್ರಗಳಿಗಾಗಿ 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಸಂಸ್ಥೆಯನ್ನೂ, ವಿದ್ಯುತ್ ಮೋಟಾರುಗಳಿಗಾಗಿ 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ್ ಎಲೆಕ್ಟ್ರಿಕ್ ಸಂಸ್ಥೆಯನ್ನೂ ಕಟ್ಟಿದರು.

ಲಕ್ಷ್ಮಣರಾಯರಿಗಿಂತ ಎರಡು ವರ್ಷ ಹಿರಿಯರಾದ ಸಾಕಿಚಿ ಟೊಯೋಡಾ ಜಪಾನಿನ ಶಿಜುವೊಕಾ ಪ್ರಾಂತದ ಹಳ್ಳಿಯೊಂದರಲ್ಲಿ 1867ರಲ್ಲಿ ಜನಿಸಿದರು. ಟೊಯೋಡಾ ಎಂಬ ಮನೆತನದ ಹೆಸರಿಗೆ ಸಮೃದ್ಧವಾದ ಭತ್ತದ ಗದ್ದೆ ಎಂದು ಅರ್ಥ. ತಂದೆಯಿಂದ ಬಡಗಿ ಕೆಲಸವನ್ನು ಕಲಿತ ಅವರು, ಮನೆಮನೆಯಲ್ಲಿ ಹೆಂಗಸರು ಕೈಮಗ್ಗದಲ್ಲಿ ಪಡುತ್ತಿದ್ದ ದಣಿವನ್ನು ಕಂಡು, ಅದನ್ನು ಹಗುರಗೊಳಿಸುವ ಮರದ ಕೈಮಗ್ಗಕ್ಕೆ 1891ರಲ್ಲಿ ಪೇಟೆಂಟ್, ಅಂದರೆ ಆವಿಷ್ಕಾರದ ಮೇಲಿನ ಕಾನೂನುಬದ್ಧ ಒಡೆತನ, ಪಡೆದರು. ಅಲ್ಲಿಂದ ಮೂರು ದಶಕಗಳ ದುಡಿಮೆಯ ಫಲವಾಗಿ 1924ರಲ್ಲಿ ಪೂರ್ಣಗೊಂಡ ಸ್ವಯಂಚಾಲಿತ ಮಗ್ಗವು ಓಡುತ್ತಿರುವಾಗಲೇ ತನ್ನ ಲಾಳಿಯನ್ನು ತಾನೇ ಬದಲಿಸಿಕೊಳ್ಳುತ್ತಿತ್ತು. ಆದರೆ ಆ ಮನೆತನದ ಮುಂದಿನ ಚರಿತ್ರೆಯನ್ನೆಲ್ಲ ರೂಪಿಸಿದ್ದು ಈ ವೇಗವಲ್ಲ, ನಿಲ್ಲುವ ಗುಣ. ರಾಮದುರ್ಗ, ಸುರೇಬಾನ ಕಡೆಯ ನೇಕಾರರಿಗೆ ತಿಳಿದಿರುವಂತೆ, ಹಾಸಿನ ಒಂದೇ ಒಂದು ಎಳೆ ಹರಿದರೂ ಅದನ್ನು ಗಮನಿಸದೆ ನೇಯ್ದ ಬಟ್ಟೆಯೆಲ್ಲ ದೋಷಪೂರ್ಣವಾಗುತ್ತದೆ. ಕೈಮಗ್ಗದಲ್ಲಿ ನೇಕಾರನ ಕಣ್ಣು ಅದನ್ನು ಕೂಡಲೇ ಹಿಡಿಯುತ್ತದೆ, ಕಣ್ಣಿಲ್ಲದ ಯಂತ್ರಮಗ್ಗವು ಹರಿದ ಎಳೆಯ ಮೇಲೆಯೇ ಗಜಗಟ್ಟಲೆ ನೇಯುತ್ತ ಹೋಗುತ್ತದೆ. ಸಾಕಿಚಿಯವರ ಮಗ್ಗದಲ್ಲಿ ಪ್ರತಿ ಹಾಸಿನೆಳೆಗೂ ಒಂದೊಂದು ತೆಳು ಲೋಹದ ಪಟ್ಟಿ ತೂಗುತ್ತಿದ್ದು, ಎಳೆ ಹರಿದಾಗ ಪಟ್ಟಿ ಕೆಳಗೆ ಬಿದ್ದು ಮಗ್ಗವನ್ನು ನಿಲ್ಲಿಸಿಬಿಡುತ್ತಿತ್ತು. ತಪ್ಪು ನಡೆದ ಕ್ಷಣದಲ್ಲಿಯೇ ಯಂತ್ರ ತಾನಾಗಿ ನಿಲ್ಲುವ ಈ ಗುಣವನ್ನು ಟೊಯೋಟಾದವರು ‘ಜಿದೋಕಾ’ ಎಂದು ಕರೆಯುತ್ತಾರೆ. ಜಪಾನಿ ಲಿಪಿಯಲ್ಲಿ ಈ ಪದವನ್ನು ಬರೆಯುವಾಗ ಚಲನೆಯನ್ನು ಸೂಚಿಸುವ ಅಕ್ಷರಕ್ಕೆ ಮನುಷ್ಯನನ್ನು ಸೂಚಿಸುವ ಚಿಹ್ನೆಯನ್ನು ಸೇರಿಸುವುದರಿಂದ, ಮಾನವ ವಿವೇಕವುಳ್ಳ ಸ್ವಯಂಚಲನೆ ಎಂಬ ಅರ್ಥ ಅದಕ್ಕೆ ಬರುತ್ತದೆ.

ಈ ಮಗ್ಗದ ಹಕ್ಕುಗಳನ್ನು 1929ರಲ್ಲಿ ಇಂಗ್ಲೆಂಡಿನ ಪ್ಲಾಟ್ ಬ್ರದರ್ಸ್ ಸಂಸ್ಥೆ ಕೊಂಡುಕೊಂಡಿತು. ಸಾಕಿಚಿಯವರ ಮಗ ಕಿಇಚಿರೊ 1933ರಲ್ಲಿ ಮಗ್ಗದ ಕಾರ್ಖಾನೆಯೊಳಗೇ ಮೋಟಾರು ವಿಭಾಗವನ್ನು ತೆರೆದು, 1936ರಲ್ಲಿ ‘ಎಎ’ ಎಂಬ ಮೊದಲ ಮಾರಾಟದ ಕಾರನ್ನು ಹೊರತಂದರು. 1937ರ ಆಗಸ್ಟ್‌ನಲ್ಲಿ ಟೊಯೋಟಾ ಮೋಟಾರ್ ಪ್ರತ್ಯೇಕ ಸಂಸ್ಥೆಯಾಯಿತು. ಟೊಯೋಡಾ ಎಂಬುದು ಟೊಯೋಟಾ ಆದದ್ದು ಉಚ್ಚಾರದ ಸೌಲಭ್ಯಕ್ಕಾಗಿ, ಜೊತೆಗೆ ಜಪಾನಿ ಲಿಪಿಯಲ್ಲಿ ಹೊಸ ರೂಪವನ್ನು ಬರೆಯಲು ಶುಭಸಂಖ್ಯೆಯಾದ 8 ಗೆರೆಗಳು ಸಾಕಾಗುತ್ತವೆ ಎಂಬುದಕ್ಕಾಗಿ. ಯುದ್ಧಾನಂತರದ ಆರ್ಥಿಕ ಕುಸಿತದಲ್ಲಿ ಸಂಸ್ಥೆ ದಿವಾಳಿಯ ಅಂಚಿಗೆ ಬಂದು, ಕಾರ್ಮಿಕರನ್ನು ಕೈಬಿಡಬೇಕಾಗಿ ಬಂದಾಗ ಕಿಇಚಿರೊ 1950ರಲ್ಲಿ ಅಧ್ಯಕ್ಷ ಪದವಿಯನ್ನು ತ್ಯಜಿಸಿದರು. ಎರಡು ವರ್ಷಗಳಲ್ಲಿ ತೀರಿಕೊಂಡರು.

ಅನಂತರದ ಏಳಿಗೆಗೆ ಕಾರಣರಾದವರಲ್ಲಿ ತಾಯಿಚಿ ಓನೊ ಮುಖ್ಯರು. ಅವರೂ ಟೊಯೋಡಾ ಬಟ್ಟೆಯ ಗಿರಣಿಯಿಂದ ಮೋಟಾರು ಕಾರ್ಖಾನೆಗೆ ಬಂದವರೆಂಬುದು ಆಕಸ್ಮಿಕವಲ್ಲ. ಮುಂದಿನ ಹಂತಕ್ಕೆ ಎಷ್ಟು ಬಿಡಿಭಾಗಗಳು ಯಾವಾಗ ಬೇಕೋ ಅಷ್ಟನ್ನು ಆಗಲೇ ತಯಾರಿಸುವ ಕ್ರಮವನ್ನು ಅವರು ನೆಲೆಗೊಳಿಸಿದರು. ಬೇಡಿಕೆಯನ್ನು ಹಿಂದಿನ ಹಂತಕ್ಕೆ ತಿಳಿಸುವ ಚೀಟಿಗೆ ‘ಕಾನ್‌ಬಾನ್’ ಎಂದು ಹೆಸರು. ದೋಷವನ್ನು ಕಂಡ ಯಾವ ಕಾರ್ಮಿಕನೇ ಆಗಲಿ ತಲೆಯ ಮೇಲಿನ ಹಗ್ಗವನ್ನು ಎಳೆದರೆ ‘ಆಂದೋನ್’ ಎಂಬ ಸೂಚನಾ ದೀಪ ಬೆಳಗುತ್ತದೆ, ಮೇಲ್ವಿಚಾರಕ ಧಾವಿಸುತ್ತಾನೆ, ನಿಗದಿತ ಅವಧಿಯಲ್ಲಿ ತೊಡಕು ಬಿಡದಿದ್ದರೆ ಇಡೀ ಸಾಲು ನಿಲ್ಲುತ್ತದೆ. ಹರಿದ ಎಳೆಗಾಗಿ ನಿಂತ ಮಗ್ಗವೇ ಇಲ್ಲಿ ಕಾರ್ಖಾನೆಯ ಗಾತ್ರಕ್ಕೆ ಬೆಳೆದಿದೆ.

ಎರಡು ಮನೆತನಗಳು ಮೊದಲು ಕೈಜೋಡಿಸಿದ್ದು ಕಾರಿಗಾಗಿಯಲ್ಲ, ನೂಲಿಗಾಗಿ. ಹತ್ತಿಯ ನೂಲನ್ನು ತೆಗೆಯುವ ಯಂತ್ರಗಳ ತಯಾರಿಕೆಗಾಗಿ 1995ರಲ್ಲಿ ಬೆಂಗಳೂರಿನ ಬಳಿಯ ಜಿಗಣಿಯನ್ನು ನೆಲೆಯಾಗಿಸಿಕೊಂಡ ಜಂಟಿ ಸಂಸ್ಥೆ ಹುಟ್ಟಿತು. ಲಕ್ಷ್ಮಣರಾಯರ ಮರಿಮಗ ವಿಕ್ರಮ್ ಕಿರ್ಲೋಸ್ಕರ್ ಅವರ ಮುಂದಾಳತ್ವದಲ್ಲಿ ಆ ಸಂಬಂಧ ಮುಂದುವರಿದು, 1997ರ ಅಕ್ಟೋಬರ್‌ನಲ್ಲಿ ಟೊಯೋಟಾ ಕಿರ್ಲೋಸ್ಕರ್ ಮೋಟಾರ್ ಸ್ಥಾಪನೆಗೊಂಡಿತು; ಬಿಡದಿಯ 432 ಎಕರೆ ನೆಲದಲ್ಲಿ ಎದ್ದ ಕಾರ್ಖಾನೆಯಿಂದ 1999ರ ಡಿಸೆಂಬರ್‌ನಲ್ಲಿ ಮೊದಲ ಕ್ವಾಲಿಸ್ ಹೊರಬಂದಿತು. ಇಂಡೊನೇಷ್ಯಾದ ಹಳ್ಳಿಗಾಡಿಗಾಗಿ 1977ರಲ್ಲಿ ಹುಟ್ಟಿದ ಕಿಜಾಂಗ್ ಎಂಬ ವಾಹನದ ಪೀಳಿಗೆಗೆ ಕ್ವಾಲಿಸ್ ಸೇರಿತ್ತು. ಕಿಜಾಂಗ್ ಎಂದರೆ ಆ ನಾಡಿನ ಭಾಷೆಯಲ್ಲಿ ಕಾಡುಕುರಿ ಎಂಬ ಸಣ್ಣ ಜಿಂಕೆ. ನೋಟಕ್ಕೆ ಪೆಟ್ಟಿಗೆಯಂತಿದ್ದ ಈ ವಾಹನವನ್ನು ಕೆಲವರು ಹಳೆಯ ವಿನ್ಯಾಸವೆಂದು ಟೀಕಿಸಿದರಾದರೂ, ಬಾಡಿಗೆ ಗಾಡಿಯ ಚಾಲಕರೂ ಕೂಡುಕುಟುಂಬಗಳೂ ಅದನ್ನು ಬಿಡದೆ ಹಿಡಿದುಕೊಂಡವು. ಬೇಡಿಕೆ ಇನ್ನೂ ಚೆನ್ನಾಗಿರುವಾಗಲೇ ಸಂಸ್ಥೆ ಅದನ್ನು ನಿಲ್ಲಿಸಿ, 2005ರಲ್ಲಿ ಇನ್ನೋವಾವನ್ನು ತಂದಿತು.

ಕಿತ್ತೂರು ಸೀಮೆಯಲ್ಲಿ ಈ ವಾಹನಗಳ ಆಕರ್ಷಣೆ ಎಂತಹದೆಂಬುದು ಭಾರತ ಹುಣ್ಣಿಮೆಯ ದಿನಗಳಲ್ಲಿ ಸವದತ್ತಿಯ ಎಲ್ಲಮ್ಮನ ಗುಡ್ಡದ ದಾರಿಯಲ್ಲಿ ನಿಂತವರಿಗೆ ತಾನಾಗಿ ಗೊತ್ತಾಗುತ್ತದೆ. ಕೊಲ್ಲಾರಿ ಬಂಡಿಗಳಲ್ಲಿ ‘ಉಧೋ’ ಎನ್ನುತ್ತ ಸಾಗುವ ಭಕ್ತರ ಪಕ್ಕದಲ್ಲಿಯೇ, ಅಜ್ಜಿಯಿಂದ ಮೊಮ್ಮಗನವರೆಗೆ ಮನೆಯ ಮೂರು ತಲೆಮಾರು, ಬುತ್ತಿಯ ಗಂಟು, ಪಡ್ಡಲಗಿಯ ಸಾಮಗ್ರಿ ಎಲ್ಲವನ್ನೂ ತುಂಬಿಕೊಂಡು ಹೊರಟ ಇನ್ನೋವಾಗಳು ಸಾಗುತ್ತಿರುತ್ತವೆ. ಇನ್ನೋವಾ ಮತ್ತು ಅದರ ನಂತರದ ಕ್ರಿಸ್ಟಾ ಮಾದರಿಗಳು ಲಾರಿಗಳಂತೆಯೇ ಏಣಿಯಾಕಾರದ ಉಕ್ಕಿನ ಚೌಕಟ್ಟಿನ ಮೇಲೆ ಕೂಡಿಸಿದವು. ಮೇಲಿನ ಒಡಲಿನ ಬದಲು ಈ ಚೌಕಟ್ಟೇ ಭಾರವನ್ನೂ ದಾರಿಯ ಕುಲುಕಾಟವನ್ನೂ ಹೊರುವುದರಿಂದ, ಕಬ್ಬಿನ ಟ್ರ್ಯಾಕ್ಟರುಗಳು ಅಗೆದುಹಾಕಿದ ರಸ್ತೆಗಳಲ್ಲಿ ವರ್ಷಗಟ್ಟಲೆ ಓಡಿದ ಮೇಲೂ ಗಾಡಿ ಸಡಿಲಗೊಳ್ಳುವುದು ನಿಧಾನ. ಬೆಲೆ ದುಬಾರಿಯೆಂಬುದನ್ನು ಅಭಿಮಾನಿಗಳೂ ಅಲ್ಲಗಳೆಯುವುದಿಲ್ಲ. ಆದರೆ ಹಳೆಯದಾದ ಮೇಲೂ ಒಳ್ಳೆಯ ದರಕ್ಕೆ ಹೋಗುವ ವಸ್ತುವನ್ನು ಈ ಭಾಗದ ರೈತನು ಖರ್ಚೆಂದು ಭಾವಿಸದೆ, ಎತ್ತಿನ ಜೋಡಿಯಂತೆ ಆಸ್ತಿಯೆಂದು ಎಣಿಸುತ್ತಾನೆ. ಗಟ್ಟಿ ಗಾಡಿ ಎಂಬ ಎರಡು ಪದಗಳ ಹೊಗಳಿಕೆಯಲ್ಲಿ ಸೊಗಸಿನ ಮಾತೇ ಇಲ್ಲದಿರುವುದು ಗಮನಾರ್ಹ.

ಇತ್ತೀಚಿನ ಹೈಕ್ರಾಸ್ ಮಾದರಿ ಏಣಿಯ ಚೌಕಟ್ಟನ್ನು ಬಿಟ್ಟು, ಪೆಟ್ರೋಲ್ ಎಂಜಿನ್ ಮತ್ತು ವಿದ್ಯುತ್ ಮೋಟಾರುಗಳೆರಡರಿಂದಲೂ ಸಾಗುವ ಹೈಬ್ರಿಡ್ ಕ್ರಮಕ್ಕೆ ಬಂದಿದೆ. ಬ್ರೇಕ್ ಹಾಕಿದಾಗ ವ್ಯರ್ಥವಾಗುವ ಶಕ್ತಿಯನ್ನು ವಿದ್ಯುತ್ತಾಗಿ ಹಿಡಿದು ಬ್ಯಾಟರಿಗೆ ತುಂಬುವ ಈ ಕ್ರಮವನ್ನು ಟೊಯೋಟಾ 1997ರಲ್ಲಿ ಪ್ರಿಯುಸ್ ಕಾರಿನ ಮೂಲಕ ಜಗತ್ತಿಗೆ ಪರಿಚಯಿಸಿತ್ತು.

ಬಿಡದಿಯ ಚರಿತ್ರೆ ಕಲಹವಿಲ್ಲದ್ದಲ್ಲ. ವೇತನದ ಮಾತುಕತೆ ಮುರಿದು 2014ರ ಮಾರ್ಚ್‌ನಲ್ಲಿಯೂ, ಕಾರ್ಮಿಕನೊಬ್ಬನ ಅಮಾನತಿನ ಬೆನ್ನಿಗೆ 2020ರ ನವೆಂಬರ್‌ನಲ್ಲಿಯೂ ಕಾರ್ಖಾನೆಗೆ ಬೀಗ ಬಿದ್ದಿತು, ಮತ್ತು ಎರಡನೆಯ ಸಂದರ್ಭದಲ್ಲಿ ಕೆಲಸದ ಒತ್ತಡವನ್ನು ಕುರಿತ ಕಾರ್ಮಿಕರ ದೂರು ಪ್ರಮುಖವಾಗಿ ಕೇಳಿಬಂದಿತು. ಎಳೆ ಹರಿದಾಗ ನಿಲ್ಲಬೇಕೆಂಬ ತತ್ವವನ್ನು ಯಂತ್ರಕ್ಕೆ ಅನ್ವಯಿಸಿದಷ್ಟೇ ಶ್ರದ್ಧೆಯಿಂದ ಮನುಷ್ಯನ ದಣಿವಿಗೂ ಅನ್ವಯಿಸಬೇಕಾದದ್ದು ಆ ತತ್ವಕ್ಕೇ ಸಲ್ಲುವ ಗೌರವ.

ವಿಕ್ರಮ್ ಕಿರ್ಲೋಸ್ಕರ್ ಅವರು 2022ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ನಿಧನರಾದರು. ಅವರ ಕಾಲದ ಕೆಲಸಗಳಲ್ಲಿ ಹಳ್ಳಿಗಳಿಗೆ ಹೆಚ್ಚು ಹತ್ತಿರವಾದದ್ದೆಂದರೆ ಬಿಡದಿಯ ಕಾರ್ಖಾನೆಯ ಆವರಣದಲ್ಲಿ 2007ರಲ್ಲಿ ತೆರೆದ ಟೊಯೋಟಾ ತಾಂತ್ರಿಕ ತರಬೇತಿ ಸಂಸ್ಥೆ. ಎಸ್ಸೆಸ್ಸೆಲ್ಸಿ ಮುಗಿಸಿದ ಗ್ರಾಮೀಣ ಕರ್ನಾಟಕದ ಬಡ ಮಕ್ಕಳನ್ನು ಪರೀಕ್ಷೆಯ ಮೂಲಕ ಆಯ್ದು, ಮೂರು ವರ್ಷ ಅಲ್ಲಿಯೇ ಇರಿಸಿಕೊಂಡು ವೆಲ್ಡಿಂಗ್, ಬಣ್ಣಗಾರಿಕೆ, ಜೋಡಣೆ, ಯಂತ್ರ-ವಿದ್ಯುತ್ ಕೌಶಲಗಳನ್ನು ಕಲಿಸಲಾಗುತ್ತದೆ. ರಾಮದುರ್ಗದ ನೇಕಾರನ ಮಗನಿಗೂ ಸವದತ್ತಿಯ ಒಕ್ಕಲಿಗನ ಮಗಳಿಗೂ ಆ ಬಾಗಿಲು ತೆರೆದಿದೆ. ಯಂತ್ರದ ಭಾಗವನ್ನು ಅಳತೆ ತಪ್ಪದಂತೆ ಕಾಗದದ ಮೇಲೆ ಬಿಡಿಸಲು ಗುರ್ಲಹೊಸೂರಿನ ಹುಡುಗನೊಬ್ಬ 19ನೆಯ ಶತಮಾನದಲ್ಲಿ ಮುಂಬಯಿಗೆ ಹೋಗಿ ಕಲಿಯಬೇಕಾಗಿತ್ತು.