ಬೆಟ್ಟದರಮನೆಯ ತೋಟದಿಂದ ಬಂದ ನೀಲಗಿರಿ

ಅಂದಕ್ಕಾಗಿ ತಂದು ನೆಟ್ಟ ಗಿಡವೊಂದು ಮುಂದೆ ಸಾವಿರಾರು ಎಕರೆ ಬೇಸಾಯದ ಭೂಮಿಯನ್ನು ಆಕ್ರಮಿಸಬಹುದು. ಇದಕ್ಕೆ ನೀಲಗಿರಿ ಮರವೇ ಉತ್ತಮ ಉದಾಹರಣೆ. ಈ ಮರ ನಮ್ಮ ದೇಶಕ್ಕೆ ಮೊದಲು ಬಂದದ್ದು ಹೊಲಕ್ಕಲ್ಲ, ಅರಣ್ಯಕ್ಕೂ ಅಲ್ಲ. ನಂದಿಬೆಟ್ಟದ ಮೇಲಿನ ಅರಮನೆಯ ತೋಟಕ್ಕೆ.

ನಂದಿಬೆಟ್ಟದ ತೋಟ

ಚಿಕ್ಕಬಳ್ಳಾಪುರ ಜಿಲ್ಲೆಯ ನಂದಿಬೆಟ್ಟ ಸಮುದ್ರಮಟ್ಟದಿಂದ 1,478 ಮೀಟರ್ ಎತ್ತರದಲ್ಲಿದೆ. ಇಲ್ಲಿನ ಕೋಟೆಯೊಳಗೆ ಟಿಪ್ಪು ಸುಲ್ತಾನನ ಬೇಸಿಗೆಯ ಅರಮನೆಯಿತ್ತು. ಸುಮಾರು 1790ರಲ್ಲಿ ಈ ಅರಮನೆಯ ತೋಟದಲ್ಲಿ ಆಸ್ಟ್ರೇಲಿಯಾ ಮೂಲದ ನೀಲಗಿರಿಯ ಹಲವು ಜಾತಿಗಳನ್ನು ಬೆಳೆಸಲಾಯಿತು. 1791ರಲ್ಲಿ ಕೋಟೆ ಬ್ರಿಟಿಷರ ವಶವಾಯಿತು. ನಂತರ ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಇಲ್ಲಿ ಬಂಗಲೆ ಕಟ್ಟಿಸಿದರು. 1936ರಲ್ಲಿ ಮಹಾತ್ಮ ಗಾಂಧಿಯವರು ಆರೋಗ್ಯ ಸುಧಾರಣೆಗಾಗಿ ತಂಗಿದ್ದು ಇದೇ ಬೆಟ್ಟದಲ್ಲಿ. 1986ರಲ್ಲಿ ಸಾರ್ಕ್ ದೇಶಗಳ ನಾಯಕರೂ ಇಲ್ಲಿ ಸೇರಿದ್ದರು. ಮಳೆನೀರು ನಿಲ್ಲುವ ಅಮೃತ ಸರೋವರ, ಉದ್ಯಾನಗಳು, ಮಂಜಿನಲ್ಲಿ ಬೆಳೆದ ಹಳೆಯ ಮರಗಳು ಇಂದಿಗೂ ಪ್ರವಾಸಿಗರನ್ನು ಸೆಳೆಯುತ್ತವೆ.

ತಂಪಾದ ಬೆಟ್ಟದ ಮೇಲೆ, ಉದ್ಯಾನದಲ್ಲಿ ಅಲ್ಲೊಂದು ಇಲ್ಲೊಂದು ನಿಂತ ನೀಲಗಿರಿಯಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಕಾಣಿಸಿದ್ದು ಮರ ಬೆಟ್ಟ ಇಳಿದು ಬಯಲಿನ ಹೊಲಕ್ಕೆ ಬಂದ ಮೇಲೆ.

ಬೆಟ್ಟದಿಂದ ಬಯಲಿಗೆ

ಬಯಲುಸೀಮೆಯಲ್ಲಿ ಹರಡಿದ 'ಮೈಸೂರು ಗಮ್' ಎಂಬ ತಳಿಯ ಮೂಲ ನಂದಿಬೆಟ್ಟದ ಮರಗಳೇ ಎಂಬುದು ಅರಣ್ಯಶಾಸ್ತ್ರಜ್ಞರ ಅಭಿಪ್ರಾಯ. ಗುಂಡ್ಲುಪೇಟೆಯ ಆಚೆಗಿರುವ ಊಟಿಯ ಬೆಟ್ಟಗಳಿಗೆ ಇನ್ನೊಂದು ಜಾತಿಯ ನೀಲಗಿರಿ 1843ರಲ್ಲಿ ಬಂದಿತು. ಅಲ್ಲಿ ಸೌದೆಗಾಗಿ ಅದನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲಾಯಿತು.

1980ರ ದಶಕದಲ್ಲಿ ಸಾಮಾಜಿಕ ಅರಣ್ಯ ಯೋಜನೆಯ ಕಾಲಕ್ಕೆ ಕೋಲಾರ, ಬೆಂಗಳೂರು ಕಡೆಯ ಅನೇಕ ರೈತರು ರಾಗಿ ಬಿಟ್ಟು ನೀಲಗಿರಿ ನೆಟ್ಟರು. ಆಳು ಬೇಡ, ದನ ಮೇಯುವುದಿಲ್ಲ, ಕಡಿದರೆ ಮತ್ತೆ ಚಿಗುರುತ್ತದೆ; ಕಾಗದದ ಕಾರ್ಖಾನೆಯವರೂ ಕೊಳ್ಳುತ್ತಾರೆ. ಆದರೆ ಎಲ್ಲರೂ ಒಪ್ಪಲಿಲ್ಲ. 1983ರಲ್ಲಿ ತುಮಕೂರು ಜಿಲ್ಲೆಯ ರೈತರು ಸಸ್ಯಕ್ಷೇತ್ರಕ್ಕೆ ಹೋಗಿ ನೀಲಗಿರಿ ಸಸಿಗಳನ್ನು ಕಿತ್ತುಹಾಕಿ, ಹುಣಸೆ ಮತ್ತು ಮಾವಿನ ಬೀಜ ಬಿತ್ತಿದರು.

ನೀರಿನ ಲೆಕ್ಕ

ನೀಲಗಿರಿ ನೀರು ಕುಡಿಯುವುದೆಷ್ಟು? ಈ ವಿವಾದ ಬಗೆಹರಿಸಲು ರಾಜ್ಯದ ಅರಣ್ಯ ಇಲಾಖೆ ಮತ್ತು ಬ್ರಿಟನ್ನಿನ ಜಲವಿಜ್ಞಾನ ಸಂಸ್ಥೆ ಸೇರಿ ಹೊಸಕೋಟೆ, ಶಿವಮೊಗ್ಗ ಮುಂತಾದೆಡೆ ಅಧ್ಯಯನ ನಡೆಸಿದವು. ಅದರಿಂದ ತಿಳಿದುಬಂದ ಮುಖ್ಯ ಅಂಶಗಳು ಇವು:

1. ಮಣ್ಣಿನ ಆಳ ಕಡಿಮೆಯಿರುವ ಕಡೆ ನೀಲಗಿರಿ ಬಳಸುವ ನೀರು ಸ್ವಾಭಾವಿಕ ಕಾಡು ಬಳಸುವಷ್ಟೇ.
2. ಸುಮಾರು 800 ಮಿ.ಮೀ. ಮಳೆ ಬೀಳುವ ಒಣಪ್ರದೇಶದಲ್ಲಿ, ರಾಗಿ ಬೆಳೆಗಿಂತ ನೀಲಗಿರಿ ಸುಮಾರು ಎರಡು ಪಟ್ಟು ನೀರು ಬಳಸುತ್ತದೆ.
3. ಆಳವಾದ ಮಣ್ಣಿರುವ ಹೊಲದಲ್ಲಿ ಬೇರು ವರ್ಷಕ್ಕೆ ಎರಡೂವರೆ ಮೀಟರಿನಷ್ಟು ಕೆಳಗಿಳಿದು, ಬಿದ್ದ ಮಳೆಗಿಂತ ಹೆಚ್ಚು ನೀರನ್ನು ಭೂಮಿಯಿಂದ ಹೀರಬಲ್ಲದು.

ಅಂದರೆ ಮರದಲ್ಲಿ ದೋಷವಿಲ್ಲ, ನೆಟ್ಟ ಜಾಗದಲ್ಲಿದೆ. ಎರಡು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಸುಮಾರು ಸಾವಿರ ಮರಗಳಾಗುತ್ತವೆ. ರಾಗಿ ಹೊಲದಿಂದ ಕೆಳಕ್ಕೆ ಇಂಗಿ ಬಾವಿಗೆ ಸೇರಬೇಕಾದ ನೀರನ್ನು ಇವು ಮಧ್ಯದಲ್ಲೇ ತಡೆಯುತ್ತವೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿದ್ದಕ್ಕೆ ಅಂತರ್ಜಲದ ಕುಸಿತವೇ ಮುಖ್ಯ ಕಾರಣ.

ಲಾಂಟಾನದ ಪಾಠ

ಲಾಂಟಾನವೂ ಉದ್ಯಾನದ ಹೂಗಿಡವೇ. 1809ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಬಂದ ಈ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟಗಳಲ್ಲಿ ಹುಲ್ಲು ಬೆಳೆಯಲು ಬಿಡದಂತೆ ಹಬ್ಬಿದೆ. ಸೋಲಿಗರು ಇದರ ಕಡ್ಡಿಯಿಂದ ಕುರ್ಚಿ, ಮೇಜು ಮಾಡುತ್ತಿರುವುದು ಶ್ಲಾಘನೀಯ. ಆದರೆ ಹಕ್ಕಿಗಳು ಹಣ್ಣು ತಿಂದು ಬೀಜ ಹರಡುತ್ತಲೇ ಇರುತ್ತವೆ. ಕಾಡಂಚಿನ ರೈತರು ಇದನ್ನು ಬೇಲಿಗೆ ಬಳಸಬಾರದು; ಬದುವಿನಲ್ಲಿ ಕಂಡರೆ ಹೂ ಬಿಡುವ ಮೊದಲೇ ಬುಡಸಮೇತ ಕೀಳಬೇಕು.

ರೈತರು ಅನುಸರಿಸಬೇಕಾದ ಕ್ರಮಗಳು

• ಹೊಸ ಜಾತಿಯ ಗಿಡ ನೆಡುವ ಮೊದಲು ಅದರ ಬೇರಿನ ಆಳ, ಬೀಜ ಹರಡುವ ರೀತಿ ಮತ್ತು ಸರ್ಕಾರದ ನಿಯಮ ವಿಚಾರಿಸಿ.
• ಹಳೆಯ ನೀಲಗಿರಿ ತೋಪನ್ನು ಹೊಲ ಮಾಡುವುದಿದ್ದರೆ ಕಾಂಡ ಕಡಿದರೆ ಸಾಲದು. ಬೊಡ್ಡೆಗಳನ್ನು ಬೇರುಸಹಿತ ಕೀಳಿಸಿ. ಇಲ್ಲವಾದರೆ ಮತ್ತೆ ಚಿಗುರುತ್ತದೆ.
• ಆಳವಾಗಿ ಉಳುಮೆ ಮಾಡಿ, ಮಣ್ಣು ಪರೀಕ್ಷೆ ಮಾಡಿಸಿ. ಎಕರೆಗೆ ಕನಿಷ್ಠ 3 ಟನ್ ಕೊಟ್ಟಿಗೆ ಗೊಬ್ಬರ ಹಾಕಿ.
• ಮೊದಲ ಮುಂಗಾರಿಗೆ ಸೆಣಬು ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿ, ಅಥವಾ ಹುರುಳಿ ಬೆಳೆಯಿರಿ. ಮರುವರ್ಷ ರಾಗಿ, ಜೋಳ ಹಾಕಬಹುದು.
• ಇಳಿಜಾರಿಗೆ ಅಡ್ಡಲಾಗಿ ಬದು ಹಾಕಿ, ಬದುವಿನ ಮೇಲೆ ಹೊಂಗೆ, ಬೇವು, ಹುಣಸೆ, ಸೀತಾಫಲ ನೆಡಿ. ಸೊಪ್ಪು, ಮೇವು, ಹಣ್ಣು ಮೂರೂ ಸಿಗುತ್ತವೆ.

ಉದ್ಯಾನದ ಮರ ನೋಡಲು ಚೆಂದ; ಹೊಲದ ಮರ ಬಾವಿಯ ನೀರನ್ನೂ ಉಳಿಸಬೇಕು. ಹೆಚ್ಚಿನ ಮಾಹಿತಿಗೆ ಚಾಮರಾಜನಗರ ಮತ್ತು ಗುಂಡ್ಲುಪೇಟೆ ತಾಲ್ಲೂಕುಗಳ ರೈತ ಬಾಂಧವರು ಹರದನಹಳ್ಳಿ ಫಾರಂನಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದು.